ಒಣ ಎಲೆಯಂತೆ ಕಾಣುವ ಜೇಡಕ್ಕೆ ಹೆಸರು ಸಿಕ್ಕ ಬಗೆ

ಪಶ್ಚಿಮ ಘಟ್ಟದ ನಡುಭಾಗದಲ್ಲಿ, ನಮ್ಮ ಮಲೆನಾಡಿನ ಕಾನು ಎಂಬ ದಟ್ಟ ಕಾಡುಗಳಲ್ಲಿ, ಒಂದು ಪುಟ್ಟ ಜೇಡವಿದೆ. ಉದ್ದ ಸುಮಾರು 7 ಮಿಲಿಮೀಟರ್. ಕಂದು ಬಣ್ಣ, ಮೈಮೇಲೆ ಕೂದಲು. ಅದರ ಹೊಟ್ಟೆ ಮುಂದೆ ಅಗಲ. ಹಿಂದಕ್ಕೆ ಹೋಗುತ್ತಾ ಚೂಪಾಗಿ, ತುದಿಯಲ್ಲಿ ಬಾಗಿಕೊಂಡಿದೆ. ಹಗಲಲ್ಲಿ ಒಣ ಎಲೆಗಳ ನಡುವೆ ಕೂತುಬಿಟ್ಟರೆ ಕಣ್ಣೆದುರೇ ಇದ್ದರೂ ಗೊತ್ತಾಗುವುದಿಲ್ಲ. 2016ರ ಕೊನೆಯಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಜೆ.ಎನ್. ಸುಮುಖ ಇದನ್ನು ಹೊಸ ಪ್ರಭೇದ ಎಂದು ವಿವರಿಸಿದರು. ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು.

ಹ್ಯಾರಿ ಪಾಟರ್ ಕತೆಗಳಲ್ಲಿ ಮಾತಾಡುವ ಟೋಪಿಯೊಂದು ಬರುತ್ತದೆ. ಅದರ ಮೊದಲ ಒಡೆಯನ ಹೆಸರು ಗ್ರಿಫಿಂಡರ್. ಜೇಡದ ಆಕಾರ ಆ ಟೋಪಿಯನ್ನೇ ಹೋಲುತ್ತದೆ, ಅದಕ್ಕೇ ಈ ಹೆಸರು. ಸುದ್ದಿ ಜಗತ್ತೆಲ್ಲಾ ಓಡಾಡಿತು. 2017ರಲ್ಲಿ ಅಮೆರಿಕದ ಒಂದು ಸಂಸ್ಥೆ ಪ್ರಕಟಿಸಿದ ವರ್ಷದ ಹತ್ತು ಹೊಸ ಪ್ರಭೇದಗಳ ಪಟ್ಟಿಯಲ್ಲೂ ಈ ಜೇಡ ಇತ್ತು. ಸಂತೋಷದ ವಿಷಯವೇ. ಆದರೆ ಸುದ್ದಿಯಲ್ಲಿ ಬಂದದ್ದೆಲ್ಲಾ ಹೆಸರಿನ ಕತೆ. ಹೆಸರಿಡುವುದಕ್ಕೆ ಮೊದಲು ನಡೆಯುವ ಕೆಲಸ ಅದಕ್ಕಿಂತ ಎಷ್ಟೋ ಸ್ವಾರಸ್ಯದ್ದು ಅಂತ ನನಗನಿಸುತ್ತದೆ.

ಹೊಸ ಜೇಡ ಕಣ್ಣಿಗೆ ಬೀಳುವುದು ಆ ಕೆಲಸದಲ್ಲಿ ಚಿಕ್ಕ ಪಾಲು. ಅದು ಈವರೆಗೆ ಹೆಸರು ಪಡೆದ ಬೇರಾವ ಜೇಡವೂ ಅಲ್ಲ ಎಂದು ತೋರಿಸಬೇಕಲ್ಲ, ನಿಜವಾದ ಕಷ್ಟ ಅಲ್ಲಿದೆ. 2022ರ ಏಪ್ರಿಲ್‌ನಲ್ಲಿ ಜಗತ್ತಿನ ಜೇಡಗಳ ಲೆಕ್ಕ 50,000 ಮುಟ್ಟಿತು. ಈ ಲೆಕ್ಕ ಇಡುವುದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂ ನಡೆಸುವ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್. ಅಷ್ಟನ್ನೂ ಹೋಲಿಸಬೇಕಿಲ್ಲ, ನಿಜ. ಮೊದಲು ಕುಟುಂಬ, ಆಮೇಲೆ ಕುಲ, ಹೀಗೆ ಹುಡುಕಾಟ ಕಿರಿದಾಗುತ್ತದೆ. ನಮ್ಮ ಜೇಡ ಚಕ್ರದಂಥ ಬಲೆ ನೇಯುವ ಅರಾನಿಡೇ ಕುಟುಂಬದ್ದು. ಎರಿಯೋವಿಕ್ಸಿಯಾ ಕುಲದಲ್ಲಿ ಬಾಲದಂಥ ಹೊಟ್ಟೆಯಿರುವ ಬೇರೆ ಜೇಡಗಳೂ ಇವೆ. ಅವುಗಳಲ್ಲಿ ಭಾರತದಲ್ಲೂ ಸಿಗುವ ಲಾಗ್ಲೈಝಿ ಎಂಬ ಪ್ರಭೇದಕ್ಕೆ 1877ರಲ್ಲೇ ಹೆಸರು ಸಿಕ್ಕಿತ್ತು. ಹಾಗಾಗಿ ಚೂಪು ಬಾಲ ಇದೆ ಅಂದ ಮಾತ್ರಕ್ಕೆ ಹೊಸದು ಅನ್ನುವಂತಿಲ್ಲ.

ಬಣ್ಣವನ್ನೂ ನಂಬುವಂತಿಲ್ಲ. ಒಂದೇ ಪ್ರಭೇದದ ಎರಡು ಜೇಡಗಳು ಎರಡು ಬಣ್ಣದಲ್ಲಿರಬಹುದು. ಕಾಡಿನಿಂದ ತಂದ ಮಾದರಿಯನ್ನು ಆಲ್ಕೋಹಾಲ್‌ನಲ್ಲಿ ಇಡುತ್ತಾರೆ, ಅಲ್ಲಿ ಬಣ್ಣ ಮಾಸುತ್ತದೆ. ಹಸಿರು ಜೇಡ ಕೆಲವೇ ದಿನಗಳಲ್ಲಿ ಬಿಳಚಿಕೊಂಡು ಗುರುತೇ ಸಿಗದಂತಾಗುತ್ತದೆ. ಅದಕ್ಕೇ ಜೀವಂತ ಇರುವಾಗ ತೆಗೆದ ಫೋಟೋಗೆ ಅಷ್ಟು ಬೆಲೆ.

ಹಾಗಾದರೆ ಯಾವುದನ್ನು ನಂಬುವುದು? ಜನನಾಂಗಗಳನ್ನು. ಗಂಡು ಜೇಡದ ಬಾಯಿಯ ಪಕ್ಕದಲ್ಲಿ ಪುಟ್ಟ ಕಾಲುಗಳಂತೆ ಕಾಣುವ ಎರಡು ಪಾಲ್ಪ್‌ಗಳಿರುತ್ತವೆ. ಅದು ವೀರ್ಯವನ್ನು ಮೊದಲು ಒಂದು ಸಣ್ಣ ಬಲೆಯ ಮೇಲೆ ಬಿಟ್ಟು, ಪಾಲ್ಪ್‌ನ ತುದಿಯ ಗೋಳದಂಥ ಅಂಗಕ್ಕೆ ಹೀರಿಕೊಂಡು, ಆಮೇಲೆ ಹೆಣ್ಣಿಗೆ ದಾಟಿಸುತ್ತದೆ. ಆ ಗೋಳದಲ್ಲಿ ಕೊಕ್ಕೆ, ಮುಳ್ಳು, ಸುರುಳಿ ಎಲ್ಲಾ ಇರುತ್ತವೆ. ಹೆಣ್ಣಿನ ಹೊಟ್ಟೆಯ ಕೆಳಗೆ ಅದಕ್ಕೆ ತಕ್ಕ ಗಟ್ಟಿ ಫಲಕವಿದೆ, ಎಪಿಜೈನ್ ಅಂತ ಕರೆಯುತ್ತಾರೆ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬಷ್ಟು ಹೊಂದಾಣಿಕೆ ಅಂತ ಹಿಂದೆ ನಂಬಿದ್ದರು. ಈಗ ಎಲ್ಲರೂ ಅದನ್ನು ಪೂರ್ತಿ ಒಪ್ಪುವುದಿಲ್ಲ. ಆದರೂ ಹತ್ತಿರದ ಪ್ರಭೇದಗಳನ್ನು ಬೇರೆ ಮಾಡಲು ಇದಕ್ಕಿಂತ ಒಳ್ಳೆಯ ಗುರುತು ಕಡಿಮೆ. ಎಪಿಜೈನ್ ಬಿಡಿಸಿ, ಸುತ್ತಲಿನ ಮಾಂಸವನ್ನು ಕರಗಿಸಿ, ಒಳಗಿನ ವೀರ್ಯಕೋಶಗಳ ಆಕಾರವನ್ನು ಮೈಕ್ರೋಸ್ಕೋಪ್ ಕೆಳಗೆ ನೋಡಿ ಚಿತ್ರ ಬರೆಯುತ್ತಾರೆ. 7 ಮಿಲಿಮೀಟರ್ ಜೇಡದಲ್ಲಿ ಈ ಫಲಕ ಎಷ್ಟಿದ್ದೀತು, ಯೋಚಿಸಿ. ಕೈ ಸ್ವಲ್ಪ ನಡುಗಿದರೂ ಸಾಕು, ಮಾದರಿ ಹೋಯಿತು.

ಇನ್ನೊಂದು ತೊಡಕು. ಈ ಅಂಗಗಳು ಪೂರ್ತಿ ರೂಪ ಪಡೆಯುವುದು ಕೊನೆಯ ಸಲ ಪೊರೆ ಕಳಚಿದ ಮೇಲೆ. ಅಂದರೆ ಕಾಡಲ್ಲಿ ಸಿಕ್ಕ ಜೇಡ ಮರಿಯಾಗಿದ್ದರೆ ಎಷ್ಟು ವಿಶೇಷವಾಗಿ ಕಂಡರೂ ಸಾಮಾನ್ಯವಾಗಿ ಹೆಸರಿಡಲು ಬರುವುದಿಲ್ಲ.

ಹೋಲಿಕೆಗೆ ಹಳೆಯ ಮಾದರಿಗಳು ಬೇಕಲ್ವಾ? ಅಲ್ಲಿ ಭಾರತದ ಇತಿಹಾಸ ಅಡ್ಡ ಬರುತ್ತದೆ. ನಮ್ಮ ಎಷ್ಟೋ ಜೇಡಗಳನ್ನು ವಿವರಿಸಿದವರು ಯುರೋಪಿನವರು. ಲಂಡನ್ನಿನ ರೆಜಿನಾಲ್ಡ್ ಪೊಕಾಕ್ 1900ರಲ್ಲಿ ಬ್ರಿಟಿಷ್ ಭಾರತದ ಜೇಡ-ಚೇಳುಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಆ ಮಾದರಿಗಳು ಉಳಿದದ್ದೂ ಅಲ್ಲೇ. ಆಂಧ್ರದ ಗುತ್ತಿ ಊರಿನ ರೈಲ್ವೆ ಕಟ್ಟಿಗೆ ರಾಶಿಯಲ್ಲಿ ಸಿಕ್ಕ ನೀಲಿ ಟರಾಂಟುಲಾಗೆ (ಮೈತುಂಬ ಕೂದಲಿರುವ ದೊಡ್ಡ ಜೇಡ) 1899ರಲ್ಲಿ ಹೆಸರಿಟ್ಟವನೂ ಅವನೇ. ಆಮೇಲೆ ನೂರು ವರ್ಷ ವಿಜ್ಞಾನಿಗಳಿಗೆ ಅದು ಕಾಡಲ್ಲಿ ಕಾಣಲೇ ಇಲ್ಲ. 2001ರಲ್ಲಿ ಸಿಕ್ಕಿದ್ದು ಗುತ್ತಿಯಿಂದ ದೂರದ ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ. ಬಹುಶಃ ಕಟ್ಟಿಗೆಯ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿತ್ತು. ಮಾದರಿ ಎಲ್ಲಿ ಸಿಕ್ಕಿತು ಅನ್ನುವ ಚೀಟಿ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಿಯಮಗಳು ಬಿಗಿಯಾಗಿವೆ, ಆಗಲೇಬೇಕಿತ್ತು. ಹೊಸ ಹೆಸರಿಗೆ ಆಧಾರವಾಗಿ ಹೋಲೋಟೈಪ್ ಎಂಬ ಮೂಲ ಮಾದರಿಯನ್ನು ಹೆಸರಿಸಬೇಕು. ಅದು ಯಾವ ಸಂಗ್ರಹದಲ್ಲಿದೆ ಎಂದೂ ತಿಳಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಪತ್ತೆಯಾದ ಹೊಸ ಜೀವಿಯ ಮಾದರಿ ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಹೋಗಬೇಕು. ನಾಳೆ ಇನ್ನೊಬ್ಬರು ಅನುಮಾನಪಟ್ಟರೆ ಆ ಸೀಸೆ ತೆರೆದು ನೋಡುವಂತಿರಬೇಕು.

ಗ್ರಿಫಿಂಡೋರಿ ಸಿಕ್ಕ ಜಾಗವನ್ನೂ ಮರೆಯಬಾರದು. ಸೊರಬ, ಸಾಗರ, ಸಿದ್ದಾಪುರ, ಶಿರಸಿ ಕಡೆಯ ಕಾನುಗಳು ದೊಡ್ಡ ಅಭಯಾರಣ್ಯಗಳಲ್ಲ. ಊರಿನ ಪಕ್ಕದಲ್ಲೇ ದೇವರ ಹೆಸರಲ್ಲಿ, ಮೆಣಸಿನ ಬಳ್ಳಿಗಾಗಿ, ನೀರಿಗಾಗಿ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದಟ್ಟ ಹಸಿರು ತುಣುಕುಗಳು. ಸಿದ್ದಾಪುರದ ಕತ್ತಲೆಕಾನಿನಿಂದ ಒಂದು ಅಪರೂಪದ ಮರವೇ 2000ದಲ್ಲಿ ಹೊಸದಾಗಿ ವಿಜ್ಞಾನಕ್ಕೆ ಪರಿಚಯವಾಯಿತು. ಮರವೇ ಅಷ್ಟು ತಡವಾಗಿ ಬೆಳಕಿಗೆ ಬಂದಿರುವಾಗ ತರಗೆಲೆಯ ಜೇಡಗಳ ಮಾತೇನು! ಹೀಗಿದ್ದರೂ ಕಾನುಗಳು ಒತ್ತುವರಿಗೆ, ಅಕೇಶಿಯಾ ನೆಡುತೋಪುಗಳಿಗೆ ಕರಗುತ್ತಾ ಬಂದಿವೆ. ನನಗೆ ಇದು ಸಂಕಟ ತರುತ್ತದೆ.

ಗ್ರಿಫಿಂಡೋರಿಯ ಕೆಲಸವೂ ಅಲ್ಲಿಗೇ ಮುಗಿದಿಲ್ಲ. 2016ರ ವಿವರಣೆ ಹೆಣ್ಣು ಜೇಡದ್ದು ಮಾತ್ರ. ಈ ಕುಟುಂಬದಲ್ಲಿ ಗಂಡು ಸಾಮಾನ್ಯವಾಗಿ ಹೆಣ್ಣಿಗಿಂತ ಚಿಕ್ಕದು, ನೋಟದಲ್ಲೂ ಬೇರೆ. ಎರಡೂ ಒಂದೇ ಪ್ರಭೇದ ಎನ್ನಲು ಅವು ಕೂಡುವುದನ್ನು ಕಣ್ಣಾರೆ ನೋಡಬೇಕು, ಒಂದೇ ಮೊಟ್ಟೆಚೀಲದ ಮರಿಗಳನ್ನು ಸಾಕಿ ಬೆಳೆಸಬೇಕು, ಇಲ್ಲವೇ ಡಿಎನ್ಎ ಹೋಲಿಸಬೇಕು. ಮೂರಕ್ಕೂ ಜೀವಂತ ಜೇಡ ಬೇಕು ಅಥವಾ ಚೆನ್ನಾಗಿ ಕಾಪಿಟ್ಟ ತಾಜಾ ಮಾದರಿ ಬೇಕು. ಅದಕ್ಕೆ ಮತ್ತೆ ಕಾನಿಗೇ ಹೋಗಬೇಕು.