ಹಳೇ ನೋವಾ ಕಾರಿಗೆ ಯಾವ ಎಂಜಿನ್?

"ಅಣ್ಣ, 454 ಹಾಕಿಸ್ಬೇಕು ಅಂತ ಮನಸ್ಸಾಗಿದೆ. ಎಷ್ಟಾಗುತ್ತೆ?"

ಹಳೇ ಕಾರುಗಳಿಗೆ ಎಂಜಿನ್ ಕಟ್ಟುವುದು ನನ್ನ ಕೆಲಸ. ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಫೋನ್ ಮಾಡಿ ಹೀಗೆ ಕೇಳಿದ. ದಾವಣಗೆರೆ ಕಡೆಯವನು, ಇಲ್ಲೇ ಡೆಟ್ರಾಯಿಟ್ ಪಕ್ಕ ಕೆಲಸ. 1970ರ ಷೆವರ್ಲೆ ನೋವಾ ಕೊಂಡಿದ್ದ. ಕಾರ್ಖಾನೆಯಿಂದ ಬಂದ 350 ಎಂಜಿನ್, ಎರಡು ಬ್ಯಾರಲ್ ಕಾರ್ಬ್ಯುರೇಟರ್, ಮೂರು ಗೇರಿನ ಆಟೊಮ್ಯಾಟಿಕ್. ಬೇಸಿಗೆಯಲ್ಲಿ ದಿನಾ ಆಫೀಸಿಗೆ ಓಡಿಸಬೇಕು. ಆಗಸ್ಟ್ ಮೂರನೇ ಶನಿವಾರ ಇಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಬೇಕು. ತಿಂಗಳಿಗೊಮ್ಮೆ ಡ್ರ್ಯಾಗ್ ಟ್ರ್ಯಾಕಿನಲ್ಲಿ ಕಾಲು ಮೈಲಿ ಓಡಿಸಿ ನೋಡಬೇಕು. ಒಂದೇ ಕಾರಿನಲ್ಲಿ ಇಷ್ಟೂ ಆಗಬೇಕು.

350, 454 ಎಂಬ ಈ ಅಂಕಿಗಳು ಎಂಜಿನ್ ಗಾತ್ರದ ಘನ ಇಂಚು. ನಮ್ಮ ಲೆಕ್ಕದಲ್ಲಿ 5.7 ಲೀಟರ್ ಮತ್ತು 7.4 ಲೀಟರ್.

ನಾನು ಬೆಲೆ ಹೇಳಲಿಲ್ಲ. "ಕಾಲು ಮೈಲಿ ಎಷ್ಟು ಸೆಕೆಂಡಿನಲ್ಲಿ ಓಡಬೇಕು? ಹಿಂದೆ ಎಷ್ಟು ಅಗಲದ ಟೈರ್ ಹಿಡಿಸುತ್ತೆ? ಬ್ರೇಕ್ ಡ್ರಮ್ಮಾ, ಡಿಸ್ಕಾ?" ಅಂತ ಕೇಳಿದೆ. ಅವನು ಸುಮ್ಮನಾದ. ಬಹಳ ಜನ ಇಲ್ಲೇ ಸುಮ್ಮನಾಗುತ್ತಾರೆ. ಎಂಜಿನ್ ಆರಿಸುವ ಕೆಲಸ ಬಾನೆಟ್ ಕೆಳಗೆ ಶುರುವಾಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ನಾನು ಹಿಂದಿನ ಟೈರಿನಿಂದ ಶುರು ಮಾಡುತ್ತೇನೆ.

ಮೊದಲು ಈಗ ಏನಿದೆ ನೋಡೋಣ. ಆ ಎಂಜಿನ್‌ಗೆ 1970ರಲ್ಲಿ ಕಂಪನಿ ಬರೆದದ್ದು 250 ಎಚ್‌ಪಿ. ಅದು ಸೈಲೆನ್ಸರ್, ಏರ್ ಫಿಲ್ಟರ್ ಯಾವುದೂ ಇಲ್ಲದೆ, ಬರೀ ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು ಅಳೆದ ಲೆಕ್ಕ. ಕಾರಿನಲ್ಲಿರುವಂತೆಯೇ ಅಳೆಯುವ ಪದ್ಧತಿ ಬಂದ ಮೇಲೆ, 1972ರಲ್ಲಿ ಅದೇ ಬಗೆಯ ಎಂಜಿನ್‌ಗೆ ಬರೆದದ್ದು 165. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ, ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಳತೆ) ಸ್ವಲ್ಪ ಇಳಿಸಿದ್ದರು ನಿಜ. ಆದರೂ ವ್ಯತ್ಯಾಸ ಜಾಸ್ತಿ ಅಳತೆಯದ್ದೇ. ಹಾಗಾಗಿ ಹಳೇ ಪುಸ್ತಕದ ಎಚ್‌ಪಿಯನ್ನು ಇವತ್ತಿನ ಎಂಜಿನ್ ಜೊತೆ ಹೋಲಿಸಬೇಡಿ.

ಈಗ ಸೆಕೆಂಡಿನ ಲೆಕ್ಕ. ಡ್ರೈವರ್ ಸೇರಿ ಕಾರಿನ ತೂಕ 3,500 ಪೌಂಡ್, ಅಂದರೆ ಸುಮಾರು 1,590 ಕೆ.ಜಿ. ಅಂತ ಇಟ್ಟುಕೊಳ್ಳಿ. ಟೈರ್ ಜಾರದೆ ಹಿಡಿದರೆ, ಕಾಲು ಮೈಲಿ 14 ಸೆಕೆಂಡಿನಲ್ಲಿ ಓಡಲು ಸುಮಾರು 250 ಎಚ್‌ಪಿ ಬೇಕು. 13ಕ್ಕೆ 315. 12ಕ್ಕೆ 400. 11ಕ್ಕೆ 520. ಒಂದೊಂದು ಸೆಕೆಂಡ್ ಇಳಿಸುವುದಕ್ಕೂ ಹಿಂದಿನದಕ್ಕಿಂತ ಜಾಸ್ತಿ ಕೊಡಬೇಕು. ಮೊದಲು 65, ಆಮೇಲೆ 85, ಆಮೇಲೆ 120.

ಇಲ್ಲಿ ಇನ್ನೊಂದು ಮಾತಿದೆ, ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದ ಪ್ರಕಾರ ಇಂಥ ಹಳೇ ಕಾರು 13.99 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಓಡಿದರೆ ಹೆಲ್ಮೆಟ್ ಬೇಕು. 11.49ಕ್ಕೆ ಬಂದರೆ ರೋಲ್ ಬಾರ್ ಬೇಕು, ಅಂದರೆ ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಒಳಗೆ ಹಾಕುವ ಉಕ್ಕಿನ ಪೈಪು. ಇನ್ನೂ ಬೇಗ ಓಡುವ ಕಾರಿಗೆ ಸುತ್ತಲೂ ಪೈಪಿನ ಪೂರ್ತಿ ಕೇಜ್. ಟ್ರ್ಯಾಕಿನಲ್ಲಿ ಆ ಉಕ್ಕಿನ ಪೈಪು ಜೀವ ಉಳಿಸುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಹೆಲ್ಮೆಟ್ ಇಲ್ಲದೆ ಆಫೀಸಿಗೆ ಹೋಗುವಾಗ ಯಾರಾದರೂ ಹಿಂದಿನಿಂದ ಗುದ್ದಿದರೆ, ತಲೆ ಬಡಿಯುವುದು ಅದೇ ಪೈಪಿಗೆ. ಪಕ್ಕದ ಸೀಟಿನಲ್ಲಿ ಹೆಂಡತಿಯೋ ಮಗುವೋ ಇರುತ್ತಾರೆ, ಅಲ್ವಾ? ಅದಕ್ಕೇ ದಿನಾ ಓಡಿಸುವ ಕಾರನ್ನು ನಾನು 12 ಸೆಕೆಂಡಿನ ಆಸುಪಾಸಿನಲ್ಲೇ ನಿಲ್ಲಿಸಿ ಅನ್ನುತ್ತೇನೆ. ಅದಕ್ಕೆ 400 ಎಚ್‌ಪಿ ಸಾಕು. ಅದೂ ಕಡಿಮೆಯೇನಲ್ಲ. ಓಟದ ಕೊನೆಯಲ್ಲಿ ಕಾರು ಗಂಟೆಗೆ 180 ಕಿ.ಮೀ. ದಾಟಿರುತ್ತದೆ. ಇವನ ನೋವಾದಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದೆ ಡಿಸ್ಕ್ ಹಾಕಿಸದೆ ನಾನು ಎಂಜಿನ್ ಮುಟ್ಟಲ್ಲ ಅಂದೆ. ಒಪ್ಪಿದ.

400 ಎಚ್‌ಪಿ ಅಂತ ಗೊತ್ತಾದ ಮೇಲೆ ದಾರಿ ಮೂರು.

ಮೊದಲನೆಯದು ಅವನು ಕೇಳಿದ 454. 1970ರಲ್ಲಿ ಬಂದ ಬಿಗ್ ಬ್ಲಾಕ್, ಅಂದರೆ ಷೆವರ್ಲೆಯ ದೊಡ್ಡ ಮೈಯ ಎಂಜಿನ್. ಇವನ 350 ಸ್ಮಾಲ್ ಬ್ಲಾಕ್, ಚಿಕ್ಕ ಮೈಯದು. ನೋವಾಗೆ ಕಾರ್ಖಾನೆಯಲ್ಲೇ 396 ಬಿಗ್ ಬ್ಲಾಕ್ ಕೂರಿಸುತ್ತಿದ್ದರು, ಹಾಗಾಗಿ ಜಾಗ ಆಗುತ್ತದೆ. ಆದರೆ ಸ್ಮಾಲ್ ಬ್ಲಾಕ್‌ಗಿಂತ 100 ಪೌಂಡಿಗೂ ಮೇಲೆ ತೂಕ, ಅದೆಲ್ಲ ಮುಂದಿನ ಚಕ್ರದ ಮೇಲೆ. ಸ್ಪ್ರಿಂಗ್, ರೇಡಿಯೇಟರ್, ಎಕ್ಸಾಸ್ಟ್ ಎಲ್ಲ ಬದಲಾಗಬೇಕು. 400 ಎಚ್‌ಪಿಗೆ ಅಷ್ಟೆಲ್ಲ ಯಾಕೆ?

ಎರಡನೆಯದು ಎಲ್‌ಎಸ್, ಕಂಪ್ಯೂಟರ್ ನಡೆಸುವ ಹೊಸ ತಲೆಮಾರಿನ ಎಂಜಿನ್. 1997ರ ಕಾರ್ವೆಟ್‌ನಲ್ಲಿ ಮೊದಲು ಬಂತು, 345 ಎಚ್‌ಪಿ. 1999ರಿಂದ ಪಿಕಪ್ ಟ್ರಕ್‌ಗಳಲ್ಲಿ ಬಂದ 5.3 ಲೀಟರ್ ಎಂಜಿನ್ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಬಹಳ ಒಳ್ಳೆಯ ಎಂಜಿನ್. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ನಾನೇ ಇದನ್ನು ಹೇಳುತ್ತೇನೆ. ಎಂಜಿನ್ ಅಗ್ಗ, ಅದರ ಸುತ್ತಲಿನದು ದುಬಾರಿ. ವೈರಿಂಗ್, ಕಂಪ್ಯೂಟರ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪ್, ಆಯಿಲ್ ಪ್ಯಾನ್, ಮೌಂಟ್ ಎಲ್ಲ ಹೊಸದು. ಈ ಹುಡುಗನಿಗೆ ಕಾರ್ಬ್ಯುರೇಟರ್ ಇರಲೇಬೇಕು. ಅದರ ಸದ್ದು, ವಾಸನೆ, ಕೈಯಾರೆ ಟ್ಯೂನ್ ಮಾಡುವ ಸುಖ ಅವನಿಗೆ ಬೇಕು. ಈ ಆಸೆಯನ್ನು ನಾನು ಗೌರವಿಸುತ್ತೇನೆ.

ಮೂರನೆಯದು 383. ನನಗೆ ಇಷ್ಟವಾದದ್ದು. 350ರ ಬ್ಲಾಕಿನ ಸಿಲಿಂಡರುಗಳನ್ನು 30 ಥೌ (ಒಂದು ಇಂಚಿನ ಸಾವಿರದಲ್ಲಿ 30 ಪಾಲು) ಬೋರ್ ಮಾಡಿ, ಅಂದರೆ ಕೊರೆದು ಅಗಲಿಸಿ, 4.030 ಇಂಚಿಗೆ ತರುತ್ತೇವೆ. 3.48 ಇಂಚಿನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಬದಲು 3.75ರ ಕ್ರ್ಯಾಂಕ್ ಹಾಕುತ್ತೇವೆ. ಲೆಕ್ಕ ಹಾಕಿದರೆ 383 ಘನ ಇಂಚು. ಆ ಸ್ಟ್ರೋಕ್ ಮೂಲದಲ್ಲಿ 400 ಸ್ಮಾಲ್ ಬ್ಲಾಕ್‌ನದು. ಹಿಂದೆ ಆ ಕ್ರ್ಯಾಂಕಿನ ಮೇನ್ ಜರ್ನಲನ್ನು, ಅಂದರೆ ಬ್ಲಾಕಿನಲ್ಲಿ ಕೂತು ತಿರುಗುವ ಭಾಗವನ್ನು, 2.65ರಿಂದ 2.45 ಇಂಚಿಗೆ ಗ್ರೈಂಡ್ ಮಾಡಿ ಕೂರಿಸುತ್ತಿದ್ದರು. ಈಗ ಅಳತೆಗೆ ಸರಿಯಾಗಿ ಹೊಸ ಕ್ರ್ಯಾಂಕೇ ಸಿಗುತ್ತದೆ. ಆದರೂ ಪಿಸ್ಟನ್ ರಾಡ್‌ನ ಬೋಲ್ಟ್ ಬ್ಲಾಕಿನ ಅಂಚಿಗೆ, ವಾಲ್ವ್ ತೆರೆಯುವ ಕ್ಯಾಮ್‌ಗೆ ತಾಗುತ್ತದಾ ಅಂತ ಕೈಯಲ್ಲಿ ತಿರುಗಿಸಿ ಎಂಟೂ ಸಿಲಿಂಡರಿನಲ್ಲಿ ನೋಡಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಲೇತ್ ಅಂಗಡಿಯಲ್ಲಿ ಅಂಬಾಸಡರ್ ಎಂಜಿನ್ ಬೋರ್ ಮಾಡುವಾಗ ಕಲಿತ ಅಭ್ಯಾಸ, ಇವತ್ತಿಗೂ ಬಿಟ್ಟಿಲ್ಲ.

ಶಕ್ತಿ ಹುಟ್ಟುವುದು ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ಮೇಲೆ ವಾಲ್ವ್ ಕೂರುವ ಭಾಗದಲ್ಲಿ. ದುಡ್ಡು ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ. ಅಲ್ಯುಮಿನಿಯಂ ಹೆಡ್ ಹಾಕಿ ಕಂಪ್ರೆಷನ್ 10ರ ಹತ್ತಿರ ಇಟ್ಟರೆ, ಇಲ್ಲಿ ಬಂಕಿನಲ್ಲಿ ಸಿಗುವ 93 ಆಕ್ಟೇನ್‌ಗೆ ನಾಕಿಂಗ್ (ಪೆಟ್ರೋಲ್ ಹತೋಟಿ ತಪ್ಪಿ ಉರಿದು ಟಕಟಕ ಬಡಿಯುವುದು) ಬರುವುದಿಲ್ಲ. ಭಾರತದ ಅಳತೆಯಲ್ಲಿ ಅದು ಸುಮಾರು 98 ಆಕ್ಟೇನ್. ಕಬ್ಬಿಣದ ಹೆಡ್ ಆದರೆ 9.5ಕ್ಕೇ ನಿಲ್ಲಿಸುವುದು ಒಳ್ಳೆಯದು.

ಕ್ಯಾಮ್ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರ ಕಮಾರೋ ಕಾರಿಗೆ ಬಹಳ ದೊಡ್ಡ ಕ್ಯಾಮ್ ಹಾಕಿದೆ. ಶಕ್ತಿ ಅಳೆಯುವ ಡೈನೋದಲ್ಲಿ ಎಚ್‌ಪಿ ಚೆನ್ನಾಗಿ ಬಂತು. ಆದರೆ ಕಾರಿನಲ್ಲಿ 3.08 ಗೇರು, ಅಂದರೆ ಹಿಂದಿನ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.08 ಸುತ್ತು. ಎಂಜಿನ್ ಶಕ್ತಿಯನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೂಲದ್ದೇ. ಆ ಕ್ಯಾಮ್ ಎಚ್ಚರಗೊಳ್ಳುವುದೇ 3,000 ಆರ್‌ಪಿಎಂ ಮೇಲೆ. ಸಿಗ್ನಲ್‌ನಲ್ಲಿ ಮೊದಲಿಗಿಂತ ಪಿಕಪ್ ಕಡಿಮೆಯಾಯಿತು. ಬ್ರೇಕಿಗೆ ನೆರವಾಗುವ ಎಂಜಿನ್ ವ್ಯಾಕ್ಯೂಮ್ ಕಡಿಮೆಯಾಗಿ ಪವರ್ ಬ್ರೇಕ್ ಗಟ್ಟಿಯಾಯಿತು. ಅವರು ಬೈಯಲಿಲ್ಲ, ಬೇಜಾರು ಮಾಡಿಕೊಂಡರು. ನನ್ನ ಖರ್ಚಿನಲ್ಲೇ ಬಿಚ್ಚಿ ಚಿಕ್ಕ ಕ್ಯಾಮ್ ಹಾಕಿಕೊಟ್ಟೆ. ಅಂದಿನಿಂದ ಗೇರು, ಕನ್ವರ್ಟರ್ ಯಾವುದು ಅಂತ ಗೊತ್ತಾಗದೆ ಕ್ಯಾಮ್ ಆರ್ಡರ್ ಮಾಡುವುದಿಲ್ಲ.

ಇವನಿಗೆ ಏನು ಮಾಡಿದೆ ಹೇಳುತ್ತೇನೆ. 235/60 ಆರ್15 ಟೈರ್, ಎತ್ತರ 26 ಇಂಚು. ಬರೀ ಟ್ರ್ಯಾಕಿಗಾದರೆ 4.10 ಗೇರು ಚೆನ್ನ. ಆದರೆ ಹೆದ್ದಾರಿಯಲ್ಲಿ 70 ಮೈಲಿ ವೇಗಕ್ಕೆ ಎಂಜಿನ್ 3,700 ಆರ್‌ಪಿಎಂ ತಿರುಗುತ್ತದೆ. ಅರ್ಧ ಗಂಟೆಗೇ ಕಿವಿ ಸೋಲುತ್ತದೆ. ಅದಕ್ಕೆ 3.73 ಗೇರು, ಜೊತೆಗೆ ಹೆದ್ದಾರಿಯಲ್ಲಿ ಎಂಜಿನ್ನನ್ನು ನಿಧಾನ ತಿರುಗಿಸುವ ಓವರ್‌ಡ್ರೈವ್ ಇರುವ 700ಆರ್4 ಗೇರ್‌ಬಾಕ್ಸ್. ಅದೇ 70 ಮೈಲಿಗೆ ಈಗ 2,400ಕ್ಕಿಂತ ಕಡಿಮೆ. ಕನ್ವರ್ಟರ್ 2,500ರ ಸುಮಾರಿಗೆ ಹಿಡಿಯುವಂಥದ್ದು.

ಹಿಂದಿನ ಆಕ್ಸಲ್ 8.2 ಇಂಚಿನ ಹತ್ತು ಬೋಲ್ಟಿನದು. ಊರಿನಲ್ಲಿ ಬಂಡಿಗೆ ಬಲವಾದ ಎತ್ತು ಕಟ್ಟುವ ಮುಂಚೆ ಅಚ್ಚು ನೋಡುತ್ತಾರಲ್ಲ, ಹಾಗೇ ಇದು. ಹಿಡಿತ ಇರುವ ಟ್ರ್ಯಾಕಿನಲ್ಲಿ 400 ಎಚ್‌ಪಿ ಬಿಟ್ಟರೆ ಆ ಆಕ್ಸಲ್ ತಡೆಯಲ್ಲ. ಹನ್ನೆರಡು ಬೋಲ್ಟಿನದು ಹಾಕಿಸಿದೆ. ಬಜೆಟ್ಟಿನಲ್ಲಿ ಅವನಿಗೆ ಬಹಳ ನೋವಾಗಿದ್ದು ಇದೇ. ಅರ್ಧಕ್ಕೆ ಬಿಟ್ಟು ಮುಂದಿನ ವರ್ಷ ಮಾಡೋಣ ಅಂದ. ಆಗಲ್ಲ ಅಂದೆ.

ಇನ್ನು ಬ್ಲಾಕ್. ಅವನ ಕಾರಿನ ಮೂಲ ಎಂಜಿನ್ ಮುಂಭಾಗದಲ್ಲಿ ಬಲಗಡೆ ಹೆಡ್ ಪಕ್ಕ ಕಾರಿನ ಷಾಸಿ ನಂಬರಿನ ಕೊನೆ ಅಂಕಿಗಳು ಹೊಡೆದಿವೆ. 50 ವರ್ಷ ದಾಟಿದರೂ ಕಾರೂ ಎಂಜಿನ್ನೂ ಬೇರೆಯಾಗಿಲ್ಲ. ಅದನ್ನು ಬೋರ್ ಮಾಡಲು ನನಗೆ ಮನಸ್ಸು ಬರಲಿಲ್ಲ. 1996ರಿಂದ 2000ದ ನಡುವಿನ ಟ್ರಕ್ಕಿನಿಂದ ಇನ್ನೊಂದು 350 ತಂದೆವು. ಅದರಲ್ಲಿ ಉಜ್ಜುವ ಬದಲು ಉರುಳೆಯ ಮೇಲೆ ಓಡುವ ರೋಲರ್ ಕ್ಯಾಮ್‌ಗೆ ಕಾರ್ಖಾನೆಯಲ್ಲೇ ಜಾಗ ಮಾಡಿರುತ್ತಾರೆ, ಹಾಗಾಗಿ ಹಳೇ ಬಗೆಯ ಕ್ಯಾಮ್ ಸವೆದುಹೋಗುವ ಭಯ ಇಲ್ಲ. ಹಿಂದಿನ ಆಯಿಲ್ ಸೀಲ್ ಒಂದೇ ತುಂಡಿನದು, ಕ್ರ್ಯಾಂಕ್ ಅದಕ್ಕೆ ಹೊಂದುವುದನ್ನೇ ತರಿಸಬೇಕು. ಪೆಟ್ರೋಲ್ ಪಂಪ್ ಎಲೆಕ್ಟ್ರಿಕ್ ಹಾಕಿದೆವು.

ಮೂಲ ಎಂಜಿನ್ನಿನ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ, ಸ್ಟ್ಯಾಂಡ್ ಮೇಲೆ ಅವನ ಗ್ಯಾರೇಜಿನ ಮೂಲೆಯಲ್ಲಿ ಇಟ್ಟು ಬಂದಿದ್ದೇವೆ. ಎರಡು ತಿಂಗಳಿಗೊಮ್ಮೆ ಕ್ರ್ಯಾಂಕ್ ಅನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸು ಅಂತ ಹೇಳಿದ್ದೇನೆ. ತಿರುಗಿಸಿದ ದಿನ ಮೆಸೇಜ್ ಮಾಡುತ್ತಾನೆ.