ಅರ್ಧ ಕಟ್ಟಿದ ವಿಮಾನ, ದಾಖಲೆ ಇಲ್ಲ: ಹಾರಿಸಲು ಅನುಮತಿ ಸಿಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ, ಯಾರೋ ಅರ್ಧ ಕಟ್ಟಿ ಬಿಟ್ಟಿದ್ದ ಎರಡು ಸೀಟಿನ ಕಿಟ್ ವಿಮಾನ (ಬಿಡಿಭಾಗ ತರಿಸಿ ತಾವೇ ಜೋಡಿಸುವಂಥದ್ದು) ಕೊಂಡಿದ್ದಾನೆ. ಕಟ್ಟಿದ ಕೆಲಸ ಬರೆದಿಟ್ಟ ಲಾಗ್‌ಬುಕ್, ಫೋಟೊ ಏನೂ ಇಲ್ಲ. ಮುಗಿಸಿದರೆ ಸರ್ಟಿಫಿಕೇಟ್ ಸಿಗುತ್ತದೆಯೇ? ಮುಂದೆ ಊರಿಗೆ ತರಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸಿಗಬಹುದು, ಆದರೆ ಓಡಾಟ ಜಾಸ್ತಿ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಮೊದಲು ನೋಡುವುದು ಇದನ್ನು ಕಟ್ಟಿದವರು ಯಾರು ಎಂಬುದನ್ನು. ಹವ್ಯಾಸಿಗಳು ಕಟ್ಟಿದ ವಿಮಾನಕ್ಕೆ ಕೊಡುವುದು ‘ಎಕ್ಸ್‌ಪೆರಿಮೆಂಟಲ್’ (ಪ್ರಾಯೋಗಿಕ) ಸರ್ಟಿಫಿಕೇಟ್. ಕೆಲಸದ ಹೆಚ್ಚಿನ ಪಾಲನ್ನು ಕಲಿಕೆಗೋ ಖುಷಿಗೋ ಕಟ್ಟುವವರೇ ಮಾಡಿರಬೇಕು. 51 ಪರ್ಸೆಂಟ್ ನಿಯಮ ಎನ್ನುವುದು ಇದನ್ನೇ. ಹಿಂದಿನವರೂ ಹವ್ಯಾಸಿಗಳಾಗಿದ್ದರೆ ಅವರ ಕೆಲಸವೂ ಲೆಕ್ಕಕ್ಕುಂಟು. ದುಡ್ಡು ಕೊಟ್ಟು ಮಾಡಿಸಿದ್ದು ಲೆಕ್ಕಕ್ಕಿಲ್ಲ. ಕಾಗದವಿಲ್ಲದೆ ಇದನ್ನು ತೋರಿಸುವುದು ಹೇಗೆ? ಪಹಣಿ ಸರಿಯಿಲ್ಲದ ತೋಟ ಕೊಂಡವರಿಗೆ ಈ ಸಂಕಟ ಗೊತ್ತು.

ಹಾಗಾಗಿ ರಿವೆಟ್ ಹೊಡೆಯುವ ಮೊದಲು ಹಳೆಯ ಮಾಲೀಕರನ್ನು ಹುಡುಕಬೇಕು. ಅವರು ತೀರಿಕೊಂಡಿದ್ದರೆ ಮನೆಯವರನ್ನು. ಯಾವ ಭಾಗ ಯಾರು ಮಾಡಿದರು ಎಂದು ಸಹಿ ಹಾಕಿದ ಹೇಳಿಕೆ, ಹಳೆ ಬಿಲ್ಲು, ಯಾರದೋ ಫೋನಿನಲ್ಲಿ ಉಳಿದ ಫೋಟೊ, ಎಲ್ಲವೂ ಕೆಲಸಕ್ಕೆ ಬರುತ್ತವೆ. ಕಿಟ್‌ನ ಸೀರಿಯಲ್ ನಂಬರ್ ಹಿಡಿದು ತಯಾರಕರನ್ನೂ ಕೇಳಿ ನೋಡಲಿ. ಇಲ್ಲಿಂದ ಮುಂದೆ ಮಾಡುವ ಪ್ರತಿ ಕೆಲಸಕ್ಕೂ ತಾರೀಖು ಹಾಕಿ ಬರೆದಿಡಲಿ, ತಾನೂ ಕಾಣುವಂತೆ ಫೋಟೊ ತೆಗೆದಿಡಲಿ. ಇಲ್ಲದ ಲಾಗ್‌ಬುಕ್ ಹೊಸದಾಗಿ ಹುಟ್ಟಿಸುವ ಯೋಚನೆ ಮಾತ್ರ ಬೇಡ. ಸುಳ್ಳು ಹೇಳಿಕೆ ಅಲ್ಲಿ ಅಪರಾಧ.

ಗಟ್ಟಿತನದ ಪ್ರಶ್ನೆ ಬೇರೆ. ಮುಚ್ಚಿಹೋದ ರೆಕ್ಕೆಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ ನೋಡಬೇಕು, ಅನುಮಾನ ಬಂದರೆ ತಗಡು ಬಿಚ್ಚಬೇಕು. ಇದರಲ್ಲಿ ಜುಗ್ಗತನ ಸಲ್ಲದು. ಹವ್ಯಾಸಿಗಳ ಸಂಘ ಇಎಎಯ ಅನುಭವಿ ಸಲಹೆಗಾರರನ್ನು ಕರೆದು ತೋರಿಸಬಹುದು.

51 ಪರ್ಸೆಂಟ್ ರುಜುವಾತಾಗದಿದ್ದರೆ ‘ಎಕ್ಸಿಬಿಷನ್’ (ಪ್ರದರ್ಶನದ ಹಾರಾಟ) ವರ್ಗಕ್ಕೆ ಅರ್ಜಿ ಹಾಕುವ ದಾರಿಯಿದೆ, ಕಟ್ಟುಪಾಡು ಹೆಚ್ಚು. ಇನ್ನು, ವರ್ಷದ ತಪಾಸಣೆಯನ್ನು ತಾನೇ ಮಾಡುವ ರಿಪೇರ್‌ಮನ್ ಸರ್ಟಿಫಿಕೇಟ್ ಸಿಗುವುದು ಮುಖ್ಯವಾಗಿ ಕಟ್ಟಿದವರಿಗೆ. ಅದು ಸಿಗದಿದ್ದರೆ ಸಾಮಾನ್ಯವಾಗಿ ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು.

ಊರಿಗೆ ತರುವುದೇ? ಆ ಸರ್ಟಿಫಿಕೇಟ್ ಇಲ್ಲಿ ತಾನಾಗಿ ನಡೆಯುವುದಿಲ್ಲ. ನಮ್ಮ ವಿಮಾನಯಾನ ನಿಯಂತ್ರಣ ಇಲಾಖೆ ಡಿಜಿಸಿಎಯ ಬಾಗಿಲು ತಟ್ಟಬೇಕು. ಮುಂಬೈನ ಪೈಲಟ್ ಅಮೋಲ್ ಯಾದವ್ ತಾರಸಿಯ ಮೇಲೆ ತಾವೇ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕಿದ್ದೂ ವರ್ಷಗಟ್ಟಲೆ ಅಲೆದ ಮೇಲೆಯೇ. ಸದ್ಯಕ್ಕೆ ಹಳೆಯ ಮಾಲೀಕರ ಫೋನ್ ನಂಬರ್ ಹುಡುಕಲು ಮಗನಿಗೆ ಹೇಳಿ.