ಸಂತೆಯ ಚೀಲಕ್ಕೆ ಸ್ಕ್ರೂಗೇಜ್ ಹಿಡಿದಾಗ

ವಿಜಯಪುರದ ಸಂತೆಯಲ್ಲಿ ಬದನೆಕಾಯಿ ಕೊಳ್ಳುತ್ತಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ತೆಗೆದ. ಬೇಡ ಅಂದೆ. "ಸರ್, ಇದು 120 ಮೈಕ್ರಾನ್ ಐತ್ರೀ, ನಡೀತೈತಿ" ಅಂದ. ಚೀಲದ ಮೇಲೆ ಹಾಗೇ ಅಚ್ಚಾಗಿತ್ತು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಚೀಲದ ದಪ್ಪದ ಲೆಕ್ಕ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆ ಚೀಲವನ್ನು ಮರುದಿನ ಲ್ಯಾಬಿಗೆ ಒಯ್ದೆ.

ತೆಳು ವಸ್ತುಗಳ ದಪ್ಪ ಅಳೆಯುವ ಸಾಧನ ಸ್ಕ್ರೂಗೇಜ್. ನಮ್ಮದು ಅಳೆಯುವ ಅತಿ ಸಣ್ಣ ಅಳತೆ 0.01 ಮಿಲಿಮೀಟರ್. ಅಂದರೆ 10 ಮೈಕ್ರಾನ್. ಒಂದೇ ಪದರ ಅಳೆದರೆ ತಪ್ಪು ಜಾಸ್ತಿ. ಅದಕ್ಕೆ ಚೀಲವನ್ನು ಕತ್ತರಿಸಿ 10 ಪದರ ಒತ್ತಿ ಹಿಡಿದೆವು. ಬಂದದ್ದು 0.51 ಮಿಲಿಮೀಟರ್. ಒಂದು ಪದರಕ್ಕೆ 51 ಮೈಕ್ರಾನ್. ಅಚ್ಚಾಗಿದ್ದ ಲೆಕ್ಕದ ಅರ್ಧವೂ ಇಲ್ಲ.

ಈ ಮೈಕ್ರಾನ್ ಲೆಕ್ಕ ಎಲ್ಲಿಂದ ಬಂತು? ತುಂಬ ಜನ ದಪ್ಪ ಚೀಲ ಪರಿಸರಕ್ಕೆ ಒಳ್ಳೆಯದು, ಬೇಗ ಕೊಳೆಯುತ್ತದೆ ಅಂದುಕೊಂಡಿದ್ದಾರೆ. ಅದು ತಪ್ಪು. ಈ ಲೆಕ್ಕ ಇರುವುದು ಚಿಂದಿ ಆಯುವವರ ಕೈಗಾಗಿ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಚೀಲ 20 ಮೈಕ್ರಾನ್ ಇದ್ದರೆ ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ಕಿಲೋ ಆಗಬೇಕಾದರೆ ಇನ್ನೂರಕ್ಕೂ ಹೆಚ್ಚು ಸಲ ಬಗ್ಗಬೇಕು. ಯಾರು ಬಗ್ಗುತ್ತಾರೆ? 120 ಮೈಕ್ರಾನ್ ಇದ್ದರೆ ಮೂವತ್ತೇಳು ಚೀಲ ಸಾಕು. ಗುಜರಿಯವನೂ ಕೊಳ್ಳುತ್ತಾನೆ. ದಪ್ಪ ಚೀಲದ ಬೆಲೆಯೂ ಹೆಚ್ಚು, ಅಂಗಡಿಯವನು ಸುಮ್ನೆ ಕೊಡುವುದಿಲ್ಲ. ಹಾಗಾಗಿ ಕೇಂದ್ರದ ನಿಯಮದಲ್ಲಿ ಚೀಲಕ್ಕೆ ಇರಬೇಕಾದ ಕನಿಷ್ಠ ದಪ್ಪ 1999ರಲ್ಲಿ 20 ಮೈಕ್ರಾನ್ ಇದ್ದದ್ದು 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75 ಆಗಿ, 2022ರ ಡಿಸೆಂಬರ್ 31ಕ್ಕೆ 120ಕ್ಕೆ ಏರಿತು.

ಇದು ಆಯುವವರ ಲೆಕ್ಕ. ಮಣ್ಣಿನ ಲೆಕ್ಕ ಬೇರೆ.

ಮೇಣದಬತ್ತಿ ನೋಡಿ. ಅದರ ಮೇಣವೂ ಚೀಲದ ಪ್ಲಾಸ್ಟಿಕ್ಕಾದ ಪಾಲಿಥೀನೂ ಒಂದೇ ಮನೆತನ. ಎರಡರಲ್ಲೂ ಇರುವುದು ಇಂಗಾಲದ ಸರಪಳಿ, ಅದಕ್ಕೆ ಅಂಟಿದ ಜಲಜನಕ. ವ್ಯತ್ಯಾಸ ಉದ್ದದಲ್ಲಿ ಮಾತ್ರ. ಮೇಣದ ಸರಪಳಿಯಲ್ಲಿ ಇಪ್ಪತ್ತರಿಂದ ನಲವತ್ತು ಇಂಗಾಲ, ಪಾಲಿಥೀನಿನಲ್ಲಿ ಸಾವಿರಾರು. ಮೇಣವನ್ನು ತಿನ್ನುವ ಸೂಕ್ಷ್ಮಜೀವಿಗಳಿವೆ. ಪಾಲಿಥೀನಿನ ಮುಂದೆ ಅವು ಸೋಲುತ್ತವೆ. ಶಾವಿಗೆಯ ಚೂರನ್ನು ಇರುವೆ ಹೊತ್ತೊಯ್ಯುತ್ತದೆ. ಮಾರುದ್ದದ ಶಾವಿಗೆ ಕೋಲಿನ ಮೇಲೆ ಒಣಗುತ್ತಿದ್ದರೆ ಅದನ್ನು ಗೂಡಿನೊಳಗೆ ಎಳೆಯಲಾಗದು. ಇನ್ನೊಂದು ರೀತಿ ಹೇಳುತ್ತೇನೆ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎತ್ತು ಅರ್ಧ ತುಳಿದು ಬಿಡುತ್ತದೆ, ಕತ್ತರಿಸಿ ಹಾಕಿದರೆ ಪೂರ್ತಿ ತಿನ್ನುತ್ತದೆ. ಇಲ್ಲಿ ಕತ್ತರಿಸುವವನು ಸೂರ್ಯ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಸರಪಳಿಯನ್ನು ಅಲ್ಲಲ್ಲಿ ಮುರಿಯುತ್ತವೆ. ನಮ್ಮ ಮಾಳಿಗೆಯ ಮೇಲೆ ಒಂದು ಬೇಸಿಗೆ ಬಿದ್ದಿದ್ದ ಚೀಲ ಮುಟ್ಟಿದರೆ ಪುಡಿಯಾಗುತ್ತದೆ, ಅಲ್ವಾ? ಕೊಳೆಯಿತು ಅಂದುಕೊಳ್ಳುತ್ತೇವೆ. ಅದು ಕೊಳೆತಿಲ್ಲ, ಚೂರಾಗಿದೆ ಅಷ್ಟೆ. ಸರಪಳಿ ಇನ್ನೂ ಜೀವಿಗಳ ಬಾಯಿಗೆ ಹಿಡಿಯುವಷ್ಟು ಚಿಕ್ಕದಾಗಿಲ್ಲ.

ಆ ಚೂರುಗಳು ನಮ್ಮ ಡೋಣಿ ನದಿ ಸೀಮೆಯ ಎರೆಹೊಲ, ಅಂದರೆ ಕಪ್ಪುಮಣ್ಣಿನ ಹೊಲ ಸೇರುತ್ತವೆ. ಬೇಸಿಗೆಯಲ್ಲಿ ಎರೆಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ. ಚೂರು ಆ ಬಿರುಕಿಗೆ ಬೀಳುತ್ತದೆ, ಮಳೆ ಬಂದರೆ ಬಿರುಕು ಮುಚ್ಚುತ್ತದೆ. ಒಳಗೆ ಬಿಸಿಲಿಲ್ಲ. ಕತ್ತರಿಸುವವನೇ ಇಲ್ಲ. ಐನೂರು ವರ್ಷಕ್ಕೆ ಕರಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ. ಪಾಲಿಥೀನ್ ಹುಟ್ಟಿದ್ದೇ 1933ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ. ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನಶಾಸ್ತ್ರಜ್ಞರು ಅತಿ ಒತ್ತಡದಲ್ಲಿ ಬೇರೇನೋ ಮಾಡಲು ಹೋದಾಗ ಪಾತ್ರೆಯಲ್ಲಿ ಬಿಳಿ ಮೇಣದಂಥದ್ದು ಸಿಕ್ಕಿತು. ಅದಕ್ಕಿನ್ನೂ ನೂರು ವರ್ಷವೂ ತುಂಬಿಲ್ಲ. ಐನೂರು ವರ್ಷ ಕಂಡವರು ಯಾರು?

ದಪ್ಪ ಚೀಲವೂ ಕೊನೆಗೆ ಚೂರೇ ಆಗುತ್ತದೆ. 120 ಮೈಕ್ರಾನ್ ಚೀಲ ಆಯದೆ ಉಳಿದರೆ 20 ಮೈಕ್ರಾನಿನದ್ದರ ಆರು ಪಟ್ಟು ಪ್ಲಾಸ್ಟಿಕ್ ಮಣ್ಣಿಗೆ. ಹಾಗಾಗಿ ನನಗೆ ಕೇಂದ್ರದ ನಿಯಮಕ್ಕಿಂತ ನಮ್ಮ ರಾಜ್ಯದ್ದೇ ವಿಜ್ಞಾನಕ್ಕೆ ಹತ್ತಿರ ಅನಿಸುತ್ತದೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಕೈಚೀಲವನ್ನು ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. ಅಂದರೆ ಆ ಅಂಗಡಿಯವನ 120 ನಿಜವೇ ಆಗಿದ್ದರೂ ವಿಜಯಪುರದಲ್ಲಿ ನಡೆಯುವುದಿಲ್ಲ. ಪಾಪ, ಅವನಿಗೆ ಯಾರೂ ಹೇಳಿಲ್ಲ. ಈ ನಿಯಮದ ಇನ್ನೊಂದು ಜಾಣತನ ನನಗೆ ಬಹಳ ಇಷ್ಟ. ಇದನ್ನು ಜಾರಿ ಮಾಡಲು ಸ್ಕ್ರೂಗೇಜ್ ಬೇಕಿಲ್ಲ. ಸಂತೆಯ ಗದ್ದಲದಲ್ಲಿ ನಿಂತು ಮೈಕ್ರಾನ್ ಅಳೆಯಲು ಯಾವ ಅಧಿಕಾರಿಗೆ ಸಾಧ್ಯ? ಚೀಲ ಕಂಡರೆ ಸಾಕು. ಆದರೂ ಚೀಲ ಸಿಗುತ್ತಿದೆ. ಕಾಣುವವರು ನೋಡುತ್ತಿಲ್ಲ ಎಂಬುದೇ ನನ್ನ ಸಂಕಟ.

ಮುಂದಿನ ವಾರದ ಪ್ರಾಕ್ಟಿಕಲ್‌ಗೆ ಮಕ್ಕಳಿಗೆ ಮನೆಯಿಂದಲೇ ಪ್ಲಾಸ್ಟಿಕ್ ತರಲು ಹೇಳಿದೆ. ಒಬ್ಬ ಹುಡುಗಿ ಹಾಲಿನ ಪ್ಯಾಕೆಟ್ ತಂದಿದ್ದಳು. "ಸರ್, ಇದಕ್ಕೆ ನಿಷೇಧ ಯಾಕಿಲ್ಲರಿ?" ಹಾಲಿಗೆ ವಿನಾಯಿತಿ ಇದೆ ಅಂದೆ. ತೊಳೆದು ಕೂಡಿಟ್ಟರೆ ಗುಜರಿಯವರು ಒಯ್ಯುತ್ತಾರೆ. ಅವಳು ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ ತೋರಿಸಿದಳು. "ಈ ತುಣುಕು?" ಉಗುರಿನಷ್ಟೇ ಇರುವ ಅದನ್ನು ಯಾರೂ ಆಯುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸದೆ ಒಂದು ಬದಿ ಅಂಟಿಕೊಂಡೇ ಬಿಟ್ಟರೆ ಹಾಲೂ ಬರುತ್ತದೆ, ತುಣುಕೂ ಪ್ಯಾಕೆಟ್ಟಿನ ಜೊತೆಗೇ ಹೋಗುತ್ತದೆ. ಅವತ್ತು ಎಲ್ಲರೂ ಕತ್ತರಿ ಹಿಡಿದು ಅದನ್ನೇ ಮಾಡಿ ನೋಡಿದರು.